ಒಣ ಕಸ ವಿಂಗಡಿಸುವವರಿಗೆ ಸೋಮವಾರ ಸಂಜೆ ಜ್ವರ: ಬ್ಲೀಚಿಂಗ್ ಪುಡಿ ಹಾಕಿದರೂ ಯಾಕೆ ನಿಲ್ಲುವುದಿಲ್ಲ?

ಉಡುಪಿ ಬದಿಯ ಪಂಚಾಯತ್ ಎಸ್‌ಎಲ್‌ಆರ್‌ಎಂ (ಘನ-ದ್ರವ ಸಂಪನ್ಮೂಲ ನಿರ್ವಹಣೆ) ಘಟಕದಲ್ಲಿ ಕಸ ಬೇರ್ಪಡಿಸುವ ಹೆಂಗಸರಿಗೆ ಭಾನುವಾರದ ರಜೆ ಮುಗಿಸಿ ಬಂದ ದಿನವೇ ಸಂಜೆ ಚಳಿಜ್ವರ, ಮೈಕೈ ನೋವು, ಒಣ ಕೆಮ್ಮು. ಬೆಳಗಾಗುವಾಗ ಇಳಿಯುತ್ತದೆ, ಬ್ಲೀಚಿಂಗ್ ಪುಡಿಗೂ ಜಗ್ಗಿಲ್ಲ ಎಂದು ಕೇಳಿದ್ದೀರಿ.

ಜಗ್ಗುವುದೂ ಇಲ್ಲ. ಇದು ಎಂಡೋಟಾಕ್ಸಿನ್‌ನ ಕೆಲಸದಂತೆ ಕಾಣುತ್ತದೆ. ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ವಿಷ ಅದು. ಬ್ಯಾಕ್ಟೀರಿಯಾ ಸತ್ತರೂ ಪೊರೆಯ ಚೂರುಗಳು ದೂಳಿನಲ್ಲಿ ಉಳಿದಿರುತ್ತವೆ. ಪ್ರಯೋಗಾಲಯದ ಗಾಜಿನ ಸಾಮಾನಿನಿಂದ ಅದನ್ನು ತೊಲಗಿಸಲು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆಯಾದರೂ ಇಡಬೇಕು. ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನ 121 ಡಿಗ್ರಿ ಸಾಲದು. ಹಾಗಿರುವಾಗ ಕಸದ ಮೇಲೆ ಉದುರಿಸಿದ ಪುಡಿ ಏನು ಮಾಡೀತು? ಅದರ ದೂಳು ಎದೆಗೆ ಇನ್ನೊಂದು ಉಪದ್ರ, ಅಷ್ಟೆ.

ದೂಳು ಕುಡಿದ 4ರಿಂದ 8 ಗಂಟೆಗಳಲ್ಲಿ ಜ್ವರ ಏರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಇಳಿಯುತ್ತದೆ. ದಿನಾ ತಾಗುತ್ತಿದ್ದರೆ ಮೈ ಸ್ವಲ್ಪ ಒಗ್ಗಿಕೊಳ್ಳುತ್ತದೆ, ರಜೆಯಲ್ಲಿ ಆ ಒಗ್ಗಿಕೆ ಸಡಿಲಾಗುತ್ತದೆ. ಸೋಮವಾರದ ಕಾರಣ ಇದೇ. ಜ್ವರ ಬರದ ದಿನಗಳಲ್ಲೂ ಶ್ವಾಸಕೋಶಕ್ಕೆ ಆಗುವುದು ಆಗುತ್ತಲೇ ಇರುತ್ತದೆ.

ಆದರೆ ನಮ್ಮೂರಲ್ಲಿ ಮಳೆಗಾಲದ ಜ್ವರವನ್ನು ದೂಳಿನ ತಲೆಗೆ ಕಟ್ಟಿ ಕೂರಬೇಡಿ. ಮರುದಿನವೂ ಬಿಡದಿದ್ದರೆ, ಕಣ್ಣು ಕೆಂಪಾದರೆ, ಮೀನಖಂಡ ನೋಯುತ್ತಿದ್ದರೆ ಇಲಿಜ್ವರ, ಮಲೇರಿಯಾ, ಡೆಂಗ್ಯೂ ಪರೀಕ್ಷೆ ಮಾಡಿಸಲೇಬೇಕು. ಕಸದ ಕೆಲಸದವರು ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಈಗ ಮಾಡಬೇಕಾದ್ದು. ಒಣ ಕಸ ಹೆಸರಿಗೆ ಮಾತ್ರ ಒಣ: ತೊಳೆಯದ ಹಾಲಿನ ಪ್ಯಾಕೆಟ್, ಮೀನು ತಂದ ತೊಟ್ಟೆ, ಡಯಾಪರ್ ಎಲ್ಲವೂ ಅದರಲ್ಲೇ. ಬಾಯಿ ಕಟ್ಟಿ ಹದಿನೈದು ದಿನ ಇಟ್ಟರೆ ಬ್ಯಾಕ್ಟೀರಿಯಾಕ್ಕೆ ಸುಗ್ಗಿ. ಸಂಗ್ರಹದ ಅಂತರ ಕಡಿಮೆ ಮಾಡಿ, ಬಂದ ದಿನವೇ ವಿಂಗಡಿಸಿ. ಗೋಣಿಯನ್ನು ಎತ್ತಿ ಸುರಿಯಬಾರದು. ಮೇಜಿನ ಮೇಲೆ ಮಲಗಿಸಿ, ಬದಿ ಸೀಳಿ, ಮೆಲ್ಲ ಹರಡಿ. ಅದಕ್ಕೆ ಮುಂಚೆ ಕೈಪಂಪಿನಿಂದ ತೆಳ್ಳಗೆ ನೀರು ಸಿಂಪಡಿಸಬಹುದು. ತೊಯ್ಯುವಷ್ಟು ಬೇಡ, ನಾಳೆಗೆ ಉಳಿಯುವ ರಾಶಿಗೂ ಬೇಡ. ಪ್ರೆಷರ್ ಜೆಟ್ ಅಂತೂ ಬೇಡವೇ ಬೇಡ, ಅದು ವಿಷವನ್ನು ಹನಿಹನಿಯಾಗಿ ಗಾಳಿಗೆ ಹಾರಿಸುತ್ತದೆ. ನೆಲಕ್ಕೆ ಹಿಡಿಸೂಡಿ ಹಾಕುವ ಮೊದಲು ಒದ್ದೆ ಮಾಡಿ. ಗೊಬ್ಬರ ಜರಡಿ ಹಿಡಿಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಪೂರ್ತಿ ಒಣಗಲು ಬಿಡದೆ, ಹೊರಗೆ, ಬೇರೆಯವರು ಹತ್ತಿರ ಇಲ್ಲದಾಗ ಮಾಡಿ.

ಮೇಜಿನ ಮೇಲಿನ ಸೀಲಿಂಗ್ ಫ್ಯಾನ್ ನಿಲ್ಲಿಸಿ. ಸೆಕೆಗೆ ಬಯ್ಯುತ್ತಾರೆ, ಗೊತ್ತು ಮಾರಾಯ್ರೆ. ಬದಲಿಗೆ ನೆಲದ ಮೇಲೆ ನಿಲ್ಲುವ ಪೆಡೆಸ್ಟಲ್ ಫ್ಯಾನನ್ನು ಪಕ್ಕದಿಂದ ಬೀಸುವಂತೆ ಇಡಿ, ಆ ಗಾಳಿ ಇನ್ನೊಬ್ಬರ ಮುಖಕ್ಕೆ ಹೋಗದೆ ಹೊರಗೆ ಹೋಗುವಂತಿರಲಿ. ಬೆನ್ನ ಹಿಂದಿನಿಂದ ಬೀಸಿದರೆ ಎದೆಯ ಮುಂದೆ ಸುಳಿ ಎದ್ದು ದೂಳು ಮೂಗಿಗೇ ಬರುತ್ತದೆ. ಗೋಡೆಯ ಎಕ್ಸಾಸ್ಟ್ ಫ್ಯಾನನ್ನು ನಂಬಿ ಕೂರಬೇಡಿ: ಹೀರುವ ಬಾಯಿಯಿಂದ ಅದರ ವ್ಯಾಸದಷ್ಟು ದೂರ ಹೋದರೆ ಸಾಕು, ಗಾಳಿಯ ವೇಗ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ.

ಇಷ್ಟಾದ ಮೇಲೆ ಮಾಸ್ಕ್. ಬಟ್ಟೆ, ಸರ್ಜಿಕಲ್ ಎರಡೂ ವ್ಯರ್ಥ. ಐಎಸ್ 9473 (ಭಾರತೀಯ ಮಾನಕ) ಗುರುತಿನ ಎಫ್‌ಎಫ್‌ಪಿ2 ಅಥವಾ ಎನ್95 ತನ್ನಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಗೆ ಎರಡು ಪಟ್ಟಿ ಇರುವುದು ಬಿಗಿಯಾಗಿ ಕೂರುತ್ತದೆ. ಉಸಿರು ಹೊರಬಿಡುವ ಕವಾಟ (ವಾಲ್ವ್) ಇದ್ದರೆ ಸೆಕೆ ಕಡಿಮೆ, ಇಲ್ಲಿ ಅದು ತಪ್ಪಲ್ಲ. ಗಡ್ಡದ ಮೇಲೆ ಹಾಕಿದರೆ ಬದಿಯಿಂದ ಸೋರುತ್ತದೆ. ಬೆವರಿಗೆ ಒದ್ದೆಯಾದರೆ, ಉಸಿರು ಭಾರವಾದರೆ ಎಸೆಯಿರಿ. ತೊಳೆದು ಬಳಸಿದರೆ ಸೋಸುವ ಗುಣವೇ ಹೋಗುತ್ತದೆ. ವಾಸನೆ ಬಾರದಿದ್ದರೆ ದೂಳಿಲ್ಲ ಎಂದೂ ಅಲ್ಲ.

ಗಾಳಿಯಲ್ಲಿ ಎಂಡೋಟಾಕ್ಸಿನ್ ಎಷ್ಟಿದೆ ಎಂದು ಅಳೆಯಲೇಬೇಕೆಂದಿದ್ದರೆ ಕೆಲಸಗಾರರ ಕಾಲರಿಗೆ ಸ್ಯಾಂಪ್ಲರ್ (ಗಾಳಿಯ ಮಾದರಿ ಹಿಡಿಯುವ ಸಾಧನ) ಸಿಕ್ಕಿಸಿ, ನಿಮಿಷಕ್ಕೆ 2 ಲೀಟರ್ ಗಾಳಿಯನ್ನು ಗ್ಲಾಸ್ ಫೈಬರ್ ಫಿಲ್ಟರಿನ ಮೂಲಕ ಎಳೆದು, ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಎಂಬ ಪ್ರಯೋಗಾಲಯ ಪರೀಕ್ಷೆಗೆ ಕಳಿಸಬೇಕು. ನಮ್ಮಲ್ಲಿ ಕಾನೂನಿನ ಮಿತಿ ಇಲ್ಲ. ನೆದರ್‌ಲೆಂಡ್ಸ್‌ನ ಆರೋಗ್ಯ ಮಂಡಳಿ 2010ರಲ್ಲಿ ಸೂಚಿಸಿದ್ದು, 8 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 90 ಎಂಡೋಟಾಕ್ಸಿನ್ ಯೂನಿಟ್. ಆ ದುಡ್ಡು ಸದ್ಯಕ್ಕೆ ಮಾಸ್ಕಿಗೆ ಹೋಗಲಿ ಎಂದೇ ನಾನು ಹೇಳುವುದು.