ಚಂದ್ರಗಿರಿ ಹೊಳೆ ನಿಜಕ್ಕೂ ಗಡಿಯಾಗಿತ್ತೇ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಕನ್ನಡ ನಾಡಿನ ತೆಂಕಣ ಗಡಿ ಚಂದ್ರಗಿರಿ ಹೊಳೆ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ನಕ್ಷೆಯಲ್ಲಿ ನೋಡಿದರೆ ರಾಜ್ಯ ತಲಪಾಡಿಯಲ್ಲೇ ಮುಗಿಯುತ್ತದೆ. ಯಾವುದು ಸರಿ? ಸುಳ್ಯದ ಪಯಸ್ವಿನಿಯೂ ಈ ಹೊಳೆಯೂ ಒಂದೇನಾ? ತಿರುಪತಿ ಹತ್ತಿರದ ಚಂದ್ರಗಿರಿಗೂ ಇದಕ್ಕೂ ನಂಟಿದೆಯೇ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ತಿರುಪತಿ ಹತ್ತಿರದ್ದು ವಿಜಯನಗರದ ಅರಸರ ಚಂದ್ರಗಿರಿ. ಹೆಸರು ಒಂದೇ, ಅಷ್ಟೇ.

ಪಯಸ್ವಿನಿ ಮತ್ತು ಚಂದ್ರಗಿರಿ ಒಂದೇ ಹೊಳೆಯ ಮೇಲಿನ ಮತ್ತು ಕೆಳಗಿನ ಭಾಗಗಳು ಎಂದುಕೊಳ್ಳಿ. ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಆ ಬೆಟ್ಟಸಾಲಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಮಗ್ಗುಲಿಗೆ ಬಿದ್ದದ್ದು ಸಂಪಾಜೆ, ಅರಂತೋಡು, ಸುಳ್ಯ ದಾಟಿ ಅಡೂರಿನ ಕಡೆಗೆ ಇಳಿದು ಕೇರಳ ಸೇರುತ್ತದೆ. ಅಲ್ಲಿ ತೆಂಕಣದಿಂದ ಇನ್ನೊಂದು ಕವಲು ಬಂದು ಕೂಡುತ್ತದೆ. ಆಮೇಲೆ ಚಂದ್ರಗಿರಿ ಎಂಬ ಹೆಸರೇ ಜಾಸ್ತಿ ಬಳಕೆಯಲ್ಲಿದೆ. ಕಾಸರಗೋಡು ಪಟ್ಟಣದ ಪಕ್ಕ, ತಳಂಗರೆಯ ಬಳಿ ಅದು ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಒಟ್ಟು ಉದ್ದ ಸುಮಾರು 105 ಕಿ.ಮೀ. ಗೋದಾವರಿ, ಕೃಷ್ಣೆಯ ಮುಂದೆ ಇದು ಏನೂ ಅಲ್ಲ. ಆದರೂ ಕಾಸರಗೋಡು ಜಿಲ್ಲೆಯ ಹನ್ನೆರಡು ಹೊಳೆಗಳಲ್ಲಿ ಇದೇ ಉದ್ದದ್ದು.

ಇನ್ನು ಗಡಿಯ ವಿಷಯ. ಹಿರಿಯರು ಸುಮ್ನೆ ಹೇಳಿದ್ದಲ್ಲ. ಉತ್ತರಕ್ಕೆ ತುಳುನಾಡು, ದಕ್ಷಿಣಕ್ಕೆ ಮಲಯಾಳ ಸೀಮೆ, ನಡುವೆ ಚಂದ್ರಗಿರಿ ಎಂಬುದು ಹಳೆಯ ನಂಬಿಕೆ. ನಾಯರ್ ಹೆಂಗಸರು ಈ ಹೊಳೆ ದಾಟಿ ಉತ್ತರಕ್ಕೆ ಬರಬಾರದು ಎಂಬ ಕಟ್ಟುಪಾಡೂ ಒಂದು ಕಾಲಕ್ಕೆ ಇತ್ತು. ಟಿಪ್ಪು ಸತ್ತ ಬಳಿಕ, 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ನಾಡನ್ನು ಸುತ್ತಿ ನೋಡುತ್ತಾ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಕೂಡ ಮಲಯಾಳ ಸೀಮೆ ಇಲ್ಲಿಗೆ ಮುಗಿಯುತ್ತದೆ ಎಂದೇ ಬರೆದುಕೊಂಡ.

ಆದರೆ ಆಳುವವರು ಈ ಗೆರೆಗೆ ಮರ್ಯಾದೆ ಕೊಟ್ಟರಾ? ಚಂದ್ರಗಿರಿ ಕೋಟೆಯನ್ನೇ ನೋಡಿ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಎನ್ನುತ್ತಾರೆ. ಅದು ನಿಂತಿರುವುದು ಹೊಳೆಯ ತೆಂಕಣ ದಡದಲ್ಲಿ! ಹೊಳೆಯೇ ತನ್ನ ಗಡಿ ಎಂದುಕೊಂಡವನು ಆಚೆ ದಡದಲ್ಲಿ ಯಾಕೆ ಕೋಟೆ ಕಟ್ಟುತ್ತಾನೆ? ಇನ್ನೂ ಕೆಳಗೆ ಹೋದರೆ ಬೇಕಲ ಇದೆ, ಹೊಸದುರ್ಗ ಇದೆ. ಅವೂ ಕೆಳದಿಯವರ ಕಾಲದ ಕೋಟೆಗಳೇ. ಬ್ರಿಟಿಷರೂ ಹೊಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಚಂದ್ರಗಿರಿಯ ಎರಡೂ ದಡಗಳಲ್ಲಿ ಹರಡಿತ್ತು. ಜನ ಮಾತಾಡುವ ಭಾಷೆ ಸುಮಾರಾಗಿ ಇಲ್ಲಿ ಬದಲಾಗುತ್ತಿತ್ತು, ಆಡಳಿತ ಬದಲಾಗುತ್ತಿರಲಿಲ್ಲ. ನನ್ನ ಪ್ರಕಾರ ಗೊಂದಲದ ಬೇರು ಇದೇ.

ಆ ಗೊಂದಲ 1956ರಲ್ಲಿ ಜಗಳವಾಯಿತು. ರಾಜ್ಯಗಳ ಮರುವಿಂಗಡಣೆ ಆಯೋಗ ಹಿಂದಿನ ವರ್ಷವೇ ಕಾಸರಗೋಡು ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಸೇರಿಸಬೇಕೆಂದಿತ್ತು. ನವೆಂಬರ್ 1ರಂದು ಹಾಗೇ ಆಯಿತು. ಗಡಿ ಚಂದ್ರಗಿರಿಯಿಂದ 30 ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ, ತಲಪಾಡಿಗೆ ಬಂದು ನಿಂತಿತು. ಮಂಜೇಶ್ವರದ ಗೋವಿಂದ ಪೈಗಳಂಥ ಕವಿ ಕೊನೆಯ ದಿನಗಳನ್ನು ಕೇರಳದ ಪ್ರಜೆಯಾಗಿ ಕಳೆಯಬೇಕಾಯಿತು. ಕಯ್ಯಾರ ಕಿಞ್ಞಣ್ಣ ರೈ ಬದುಕಿನುದ್ದಕ್ಕೂ ಈ ನೋವನ್ನು ಹೇಳುತ್ತಲೇ ಇದ್ದರು. ಮುಂದೆ ರಾಜ್ಯಗಳ ಗಡಿ ತಕರಾರು ನೋಡಲು 1966ರಲ್ಲಿ ನೇಮಕವಾದ ಮಹಾಜನ್ ಆಯೋಗ, ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಬರಲಿ ಎಂದಿತು. ಕೇರಳ ಒಪ್ಪಲಿಲ್ಲ. ವರದಿ ಜಾರಿಯಾಗಲಿಲ್ಲ. ನಿಮ್ಮ ಹಿರಿಯರ ಮಾತಿನಲ್ಲಿ ಹಳೆಯ ನಂಬಿಕೆಯ ಜೊತೆ ಈ ವರದಿಯ ನೆನಪೂ ಬೆರೆತಿರಬಹುದು. ಹಾಗಾಗಿ ಕಾನೂನಿನ ಪ್ರಕಾರ ತಲಪಾಡಿ ಸರಿ. ಚಂದ್ರಗಿರಿ ಎನ್ನುವವರ ಮಾತಿಗೂ ಆಧಾರ ಇದೆ. ಉತ್ತರ ದಡದಲ್ಲಿ ಎಲ್ಲರೂ ಕನ್ನಡದವರು, ದಕ್ಷಿಣ ದಡದಲ್ಲಿ ಎಲ್ಲರೂ ಮಲಯಾಳದವರು ಎಂದು ಮಾತ್ರ ತಿಳಿಯಬೇಡಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲವೂ ಓಡಾಡುವ ನಾಡಿದು. ಒಂದೇ ಅಂಗಡಿಯಲ್ಲಿ ಮೂರು ಭಾಷೆ ಕೇಳಿದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಗಡಿಯ ಮಾತು ಬಂದಾಗ ಹೊಳೆಯ ನೀರನ್ನೇ ಮರೆಯುತ್ತೇವೆ. ಈ ಹೊಳೆಗೆ ನೀರು ಕೊಡುವ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಕರ್ನಾಟಕದಲ್ಲಿ. ಆ ನೀರು ಕುಡಿಯುವುದು ಕಾಸರಗೋಡು ಪಟ್ಟಣ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಸೊರಗಿದರೆ ಸಮುದ್ರದ ಉಬ್ಬರ ಹೊಳೆಯೊಳಗೆ ನುಗ್ಗುತ್ತದೆ. ಹೀಗಾಗಿ ವರ್ಷಗಟ್ಟಲೆ ಅಲ್ಲಿನ ನಲ್ಲಿಗಳಲ್ಲಿ ಬೇಸಿಗೆ ಬಂತೆಂದರೆ ಉಪ್ಪುನೀರು. ಪಟ್ಟಣಕ್ಕೆ ನೀರೆತ್ತುವ ಬಾವಿಕ್ಕರೆಯಲ್ಲಿ ಪ್ರತಿ ವರ್ಷ ಮರಳಿನ ಚೀಲ ಪೇರಿಸಿ ತಾತ್ಕಾಲಿಕ ಕಟ್ಟ ಹಾಕುತ್ತಿದ್ದರು. ಬಹಳ ತಡವಾಗಿ ಈಗ ಅಲ್ಲಿ ಕಾಯಂ ಅಣೆಕಟ್ಟು ಬಂದಿದೆ. ಮೇಲಿನ ಬೆಟ್ಟಗಳೂ ಗಟ್ಟಿಯಾಗಿಲ್ಲ. 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾರಿಯ ಜೋಡುಪಾಲದಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ಸುಳ್ಯದ ಕಡೆ ಹೊಳೆಗೆ ಕಸ ಬಿಟ್ಟರೆ, ಮರಳು ಬರಿದಾದರೆ, ಅದರ ಫಲ ಉಣ್ಣುವುದು ಕೆಳಗಿನವರು. ಎರಡೂ ರಾಜ್ಯಗಳು ಕೂತು ಈ ಹೊಳೆಯ ಬಗ್ಗೆ ಮಾತಾಡುವುದಾದರೆ ಮೊದಲು ಇದನ್ನು ಎತ್ತಿಕೊಳ್ಳಲಿ ಎಂಬುದು ನನ್ನ ಆಸೆ.