ರೆಪೊ ಇಳಿದರೆ ಬ್ಯಾಂಕಿನ ಲಾಭ ಯಾಕೆ ಕುಗ್ಗುತ್ತದೆ?

2025ರಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಇಳಿದ ಮೇಲೆ ನಿಮ್ಮ ಷೇರಿರುವ ಬ್ಯಾಂಕಿನ ಲಾಭ ಕುಗ್ಗಿದೆ, ಇದು ಆಡಳಿತದ ತಪ್ಪೋ ಹೊರಗಿನ ಪೆಟ್ಟೋ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಮೊದಲ ಪೆಟ್ಟು ಹೊರಗಿನದೇ. ಆ ವರ್ಷ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ ಶೇ 6.50ರಿಂದ 5.50ಕ್ಕೆ ಬಂತು. 2019ರ ಅಕ್ಟೋಬರ್‌ನಿಂದ ಫ್ಲೋಟಿಂಗ್ ದರದ (ಬಡ್ಡಿ ಆಗಾಗ ಬದಲಾಗುವ) ಹೊಸ ಗೃಹಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೇ ಜೋಡಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಬದಲಾಗಲೇಬೇಕು. 30 ಲಕ್ಷ ಬಾಕಿ ಇರುವ ಒಂದು ಸಾಲದಲ್ಲಿ ಶೇ 1 ಇಳಿದರೆ ಬ್ಯಾಂಕಿಗೆ ವರ್ಷಕ್ಕೆ ಸುಮಾರು 30 ಸಾವಿರ ಖೋತಾ. ಆದರೆ ಹಿಂದಿನ ವರ್ಷ ಶೇ 7ಕ್ಕೆ ಎಫ್‌ಡಿ ಇಟ್ಟವರಿಗೆ ಅವಧಿ ಮುಗಿಯುವವರೆಗೂ ಅದೇ ಬಡ್ಡಿ ಕೊಡಬೇಕು, ಅಲ್ವಾ?

ಆದರೂ ಎಲ್ಲ ಬ್ಯಾಂಕಿಗೂ ಏಟು ಒಂದೇ ಸಮ ಬೀಳುವುದಿಲ್ಲ. ಬಡ್ಡಿ ಖರ್ಚು ಕಡಿಮೆ ಇರುವ ಉಳಿತಾಯ, ಚಾಲ್ತಿ ಖಾತೆಗಳ ಹಣ ಜಾಸ್ತಿ ಇರುವ ಬ್ಯಾಂಕುಗಳು ತಡೆದುಕೊಳ್ಳುತ್ತವೆ. ಇನ್ನು ಆಡಳಿತದ ತಪ್ಪು ಹುಡುಕಬೇಕಾದದ್ದು ಸಾಲ ವಸೂಲಾತಿಯಲ್ಲಿ. 90 ದಿನ ದಾಟಿಯೂ ಕಂತು ಬಾಕಿ ಇದ್ದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅಡಮಾನ ಇದ್ದರೂ ಬಾಕಿ ಸಾಲದ ಶೇ 15ರಷ್ಟನ್ನು ಲಾಭದಿಂದ ತೆಗೆದಿಡಬೇಕು. ಸುಮ್ನೆ ನಿವ್ವಳ ಲಾಭ ನೋಡಿ ಷೇರು ಮಾರಬೇಡಿ. ತ್ರೈಮಾಸಿಕ ಫಲಿತಾಂಶದಲ್ಲಿ ‘ಪ್ರಾವಿಷನ್’ (ಹೀಗೆ ತೆಗೆದಿಟ್ಟ ಹಣ) ಎಂಬ ಸಾಲಿನ ಅಂಕಿಯನ್ನು ಹಿಂದಿನ ನಾಲ್ಕು ತ್ರೈಮಾಸಿಕಗಳ ಜೊತೆ ಹೋಲಿಸಿ. ಅದು ಏರುತ್ತಲೇ ಇದ್ದರೆ, ನಾನಾದರೆ ಆ ಬ್ಯಾಂಕಿಗೆ ಇನ್ನಷ್ಟು ದುಡ್ಡು ಹಾಕುವುದಿಲ್ಲ.