ಬಸ್ಸಿನಿಂದ ಬಿದ್ದವರು ‘ಜಾರಿ ಬಿದ್ದೆ’ ಅನ್ನಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಥೆ ಹೇಳುತ್ತವೆ. ಊರು ಬೇರೆ, ಬಸ್ಸು ಬೇರೆ, ಮಾಡಿದ ತಪ್ಪು ಮಾತ್ರ ಅದೇ. ಹಿಂದೆಯೂ ಬರೆದಿದ್ದೆ, ಮತ್ತೆ ಬರೆಯಬೇಕಾಗಿದೆ. ಹಾಗಾಗಿ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ನನ್ನ ಅಮ್ಮನಿಗೆ 54 ವರ್ಷ, ಬೀಡಿ ಕಟ್ಟುತ್ತಾರೆ. ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯಲ್ಲಿ ಖಾಸಗಿ ಬಸ್ಸಿನಿಂದ ಇಳಿಯುವಾಗ ಒಂದು ಕಾಲು ನೆಲಕ್ಕೆ ಮುಟ್ಟುವ ಮೊದಲೇ ಕಂಡಕ್ಟರ್ ಡಬಲ್ ಬೆಲ್ ಹೊಡೆದ. ಅಮ್ಮ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಪೊಲೀಸರ ರಗಳೆ ಬೇಡ ಅಂತ ಮಂಗಳೂರಿನ ಆಸ್ಪತ್ರೆಯಲ್ಲಿ ಮಾವ ‘ಜಾರಿ ಬಿದ್ದದ್ದು’ ಎಂದರು. ಬಸ್ಸಿನವರು 8,000 ರೂಪಾಯಿ ಕೊಟ್ಟು, ಮಲಯಾಳದಲ್ಲಿ ಬರೆದ ಒಂದು ಕಾಗದಕ್ಕೆ ಅಮ್ಮನ ಸಹಿ ತೆಗೆದುಕೊಂಡರು. ನಾಲ್ಕು ತಿಂಗಳಾಯಿತು, ಕೈ ಮಡಚಲು ಆಗುವುದಿಲ್ಲ. ಇನ್ನು ಕೇಸು ಹಾಕಬಹುದೇ? ಎಷ್ಟು ಸಿಗುತ್ತದೆ? — ಬದಿಯಡ್ಕದ ಓದುಗರು

ಉತ್ತರ: ಹಾಕಬಹುದು. ಆದರೆ ನಿಮ್ಮ ಭಯ ಇರುವುದು ಒಂದು ಕಡೆ, ನನ್ನ ಭಯ ಇರುವುದು ಇನ್ನೊಂದು ಕಡೆ.

ನೀವು ಆ ಮಲಯಾಳ ಕಾಗದಕ್ಕೆ ಹೆದರಿದ್ದೀರಿ. ಆಸ್ಪತ್ರೆ ಮಂಚದ ಮೇಲೆ ನೋವಲ್ಲಿ ಮಲಗಿದ್ದವರಿಂದ, ಓದಲು ಬಾರದ ಭಾಷೆಯಲ್ಲಿ ತೆಗೆದುಕೊಂಡ ಸಹಿ ಅದು. ಅಷ್ಟರಿಂದಲೇ ಅಪಘಾತ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್ ಬಾಗಿಲು ಮುಚ್ಚಿಹೋಗುವುದಿಲ್ಲ. 8,000 ಸಿಕ್ಕಿದ್ದನ್ನು ಅರ್ಜಿಯಲ್ಲಿ ನೀವೇ ಹೇಳಿ. ಮುಚ್ಚಿಟ್ಟರೆ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ನಿಮ್ಮ ತಾಯಿಯನ್ನು ಸುಳ್ಳುಗಾರ್ತಿ ಮಾಡುತ್ತಾರೆ.

ನನಗೆ ಭಯ ನಿಮ್ಮ ಮಾವನ ಒಂದು ಮಾತಿನದು. ಕ್ಲೇಮ್ ಕೇಸಿನಲ್ಲಿ ಎಲ್ಲರೂ ಮೊದಲು ನೋಡುವುದು ಆಸ್ಪತ್ರೆಯವರು ಮೊದಲ ಗಂಟೆಯಲ್ಲಿ ಬರೆದುಕೊಂಡ ಸಾಲನ್ನು. ಅಲ್ಲಿ ‘ಬಸ್ಸಿನಿಂದ ಬಿದ್ದು’ ಎಂದಿದ್ದರೆ ಪೊಲೀಸರಿಗೆ ಸೂಚನೆ ಹೋಗುತ್ತಿತ್ತು, ಎಫ್‌ಐಆರ್ ಆಗುತ್ತಿತ್ತು. ಈಗಿನ ನಿಯಮದಂತೆ ಪೊಲೀಸರು 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ವಿವರವಾದ ವರದಿಯನ್ನು ಟ್ರಿಬ್ಯೂನಲ್‌ಗೆ ಕೊಡಬೇಕು. ಒಂದು ಸುಳ್ಳಿನಿಂದ ಇಷ್ಟೂ ತಪ್ಪಿಹೋಯಿತು. ನಮ್ಮ ಕಡೆಯವರು ಕಾಸರಗೋಡಿನಲ್ಲಿ ಬಿದ್ದು ದೇರಳಕಟ್ಟೆಗೋ ಮಂಗಳೂರಿಗೋ ಓಡುತ್ತಾರೆ. ಗಡಿ ದಾಟಿದ ಮೇಲೆ ಎರಡು ರಾಜ್ಯದ ಪೊಲೀಸರ ನಡುವೆ ಕಾಗದ ಓಡಾಡುವುದೇ ಕಷ್ಟ. ಅದರ ಮೇಲೆ ಸುಳ್ಳೂ ಸೇರಿದರೆ ವಕೀಲರು ಎಲ್ಲಿಂದ ಶುರುಮಾಡಬೇಕು ಹೇಳಿ?

ಈಗ ಆ ದಾಖಲೆ ತಿದ್ದಿಸಲು ಯಾರನ್ನೂ ಹಿಡಿಯಬೇಡಿ. ತಿದ್ದಿದ ಗುರುತು ಕಂಡರೆ ಇಡೀ ಕೇಸು ಹೋಯಿತು. ಮಾವ ಯಾಕೆ ಹಾಗೆ ಹೇಳಿದರು ಎಂಬುದನ್ನು ಅವರೇ ಸಾಕ್ಷಿಕಟ್ಟೆಯಲ್ಲಿ ನಿಂತು ಒಪ್ಪಿಕೊಳ್ಳಲಿ. ಎತ್ತಿಕೊಂಡು ಹೋದ ಆಟೋದವರು, ಜೊತೆಗೆ ಇಳಿದವರು, ಎದುರಿನ ಅಂಗಡಿಯವರು ಯಾರೆಂದು ಪಟ್ಟಿ ಮಾಡಿ. ಬಸ್ಸಿನ ಹೆಸರು ಬರೆದಿದ್ದೀರಿ, ನಂಬರ್ ಬರೆದಿಲ್ಲ. ಒಂದೇ ಹೆಸರಿನ ನಾಲ್ಕು ಬಸ್ಸು ಓಡುತ್ತವೆ, ಅಲ್ವಾ? ನಂಬರ್ ಬೇಕು, ಸಮಯ ಬೇಕು.

ನಂತರ ಸ್ಟೇಷನ್ನಿಗೆ ಹೋಗಿ ದೂರು ಕೊಡಿ. ತಡವಾದ ಕಾರಣವನ್ನು ಇದ್ದ ಹಾಗೇ ಬರೆಯಿರಿ. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ಓದಿ ಹೇಳಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಮಲಯಾಳ ಗೊತ್ತಿಲ್ಲದಿದ್ದರೆ ಅರ್ಥ ಹೇಳಿಸಿಕೊಂಡೇ ಸಹಿ ಹಾಕಿ. ನಾಚಿಕೆ ಬೇಡ. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು.

ಇನ್ನು ಗಡುವು. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಗಡುವು ಮೀರಿತೆಂದು ಅರ್ಜಿ ವಜಾ ಮಾಡಬೇಡಿ ಎಂಬ ಮಧ್ಯಂತರ ಆದೇಶ 2025ರ ನವೆಂಬರಿನಲ್ಲಿ ಬಂತು. ಆದರೆ ಮಧ್ಯಂತರ ಆದೇಶವನ್ನು ನಂಬಿ ಮನೆಯಲ್ಲಿ ಕೂರಬೇಡಿ. ನಿಮಗೆ ಎರಡು ತಿಂಗಳಿದೆ. ಬಳಸಿಕೊಳ್ಳಿ.

ಎಷ್ಟು ಸಿಗುತ್ತದೆ ಅಂತ ಕೇಳಿದ್ದೀರಿ. ಎರಡು ದಾರಿ ಇವೆ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ಯಾರ ತಪ್ಪೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಮೂಳೆ ಮುರಿತ ತೀವ್ರ ಗಾಯವೇ. ಗಾಯ ಬಸ್ಸಿನಿಂದ ಆದದ್ದು ಎಂದು ಮಾತ್ರ ತೋರಿಸಬೇಕು. 166ನೇ ಕಲಮಿನಲ್ಲಿ ಕಂಡಕ್ಟರ್, ಡ್ರೈವರ್ ಅಜಾಗರೂಕತೆಯನ್ನೂ ತೋರಿಸಬೇಕು, ಆದರೆ ಮೊತ್ತಕ್ಕೆ ಮಿತಿ ಇಲ್ಲ.

ಲೆಕ್ಕ ನೋಡಿ. ತಿಂಗಳಿಗೆ 9,000 ದುಡಿಮೆ ಎಂದಿಟ್ಟುಕೊಳ್ಳಿ. ನಷ್ಟವನ್ನು ಎಷ್ಟು ವರ್ಷಕ್ಕೆ ಲೆಕ್ಕ ಹಾಕಬೇಕೆಂದು ವಯಸ್ಸು ನೋಡಿ ಹೇಳುವ ಗುಣಕ 51ರಿಂದ 55ರ ವಯಸ್ಸಿಗೆ 11. ಅಂದರೆ 9,000ವನ್ನು 12ರಿಂದ, ಮತ್ತೆ 11ರಿಂದ ಗುಣಿಸಿದರೆ 11,88,000. ವೈದ್ಯರು 15 ಶೇಕಡಾ ಊನ ಅಂದರೆ 1,78,200 ಮಾತ್ರ. ಆದರೆ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ವೈದ್ಯರ ಶೇಕಡಾವಾರು ಒಂದು, ದುಡಿಮೆಯಲ್ಲಿ ಆದ ನಷ್ಟ ಇನ್ನೊಂದು. ಬೀಡಿ ಕಟ್ಟುವವರಿಗೆ ಬಲಗೈ ಮಣಿಕಟ್ಟೇ ಹೊಟ್ಟೆಪಾಡು. ಆ ನಷ್ಟ ಅರ್ಧದಷ್ಟು ಎಂದು ಟ್ರಿಬ್ಯೂನಲ್ ಒಪ್ಪಿದರೆ 5,94,000. ಚಿಕಿತ್ಸೆಯ ಖರ್ಚು, ನೋವಿನ ಬಾಬ್ತು ಬೇರೆ. ಹಾಗಾಗಿ ಬೀಡಿ ಕಾರ್ಮಿಕರ ಗುರುತು ಚೀಟಿ, ಪಿಎಫ್ ದಾಖಲೆ, ಕಂಪೆನಿಗೆ ಬೀಡಿ ಒಪ್ಪಿಸಿದ ಪುಸ್ತಕ, ಎಲ್ಲ ಹುಡುಕಿ ತೆಗೆಯಿರಿ. ಸಾಕ್ಷಿ ಗಟ್ಟಿ ಇದ್ದರೆ ನಾನು 166 ಅನ್ನುತ್ತೇನೆ. ಇಲ್ಲದಿದ್ದರೆ ಎರಡೂವರೆ ಲಕ್ಷವನ್ನು ಕೈಬಿಡಬೇಡಿ.

ಅಮ್ಮನ ಕೈಗೆ ಈಗ ನಾಟಿ ವೈದ್ಯರು ಎಣ್ಣೆ ಹಾಕಿ ಕಟ್ಟುತ್ತಿದ್ದಾರೆ ಎಂದೂ ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಿ. ಅಡ್ಡಾದಿಡ್ಡಿ ಕೂಡಿದ ಎಷ್ಟೋ ಕೈಗಳನ್ನು ಕೋರ್ಟಿನ ವರಾಂಡದಲ್ಲಿ ನೋಡಿ ಸಂಕಟಪಟ್ಟಿದ್ದೇನೆ. ‘ಚಿಕಿತ್ಸೆ ಬಿಟ್ಟದ್ದರಿಂದಲೇ ಕೈ ಹೀಗಾಯಿತು’ ಎಂದು ವಿಮಾ ಕಂಪೆನಿಯವರು ವಾದಿಸುತ್ತಾರೆ. ಆಗ ಉತ್ತರ ಕೊಡುವುದು ಕಷ್ಟ. ನಾಳೆಯೇ ಮೂಳೆ ತಜ್ಞರಿಗೆ ತೋರಿಸಿ.

ಪ್ರಶ್ನೆ: ಅಪಘಾತ ತೊಕ್ಕೊಟ್ಟಿನಲ್ಲಿ ಆದದ್ದು. ಮಂಗಳೂರು ಕೋರ್ಟಿಗೇ ಅಲೆಯಬೇಕೇ? — ಉಪ್ಪಳ

ಉತ್ತರ: ಬೇಡ. ನೀವು ವಾಸವಿರುವ ಕಾಸರಗೋಡಿನಲ್ಲೇ ಹಾಕಬಹುದು.

ಪ್ರಶ್ನೆ: ಟಿಕೆಟ್ ಕಳೆದುಹೋಗಿದೆ. — ಮುಳ್ಳೇರಿಯ

ಉತ್ತರ: ಅದೊಂದಕ್ಕೇ ಕೇಸು ಬೀಳುವುದಿಲ್ಲ.

ಪ್ರಶ್ನೆ: ಬಸ್ಸು, ಲಾರಿ ಡಿಕ್ಕಿ. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಿದ್ದಾರೆ. — ಕುಂಬಳೆ

ಉತ್ತರ: ಹಾಕಲಿ. ಒಳಗೆ ಕೂತಿದ್ದ ನಿಮ್ಮದೇನೂ ತಪ್ಪಿಲ್ಲ. ಇಬ್ಬರದೂ ತಪ್ಪಿದ್ದರೆ ಯಾರೊಬ್ಬರಿಂದಲೂ ಪೂರ್ತಿ ಪರಿಹಾರ ಪಡೆಯಬಹುದು ಎಂದು 2015ರಲ್ಲೇ ತೀರ್ಪಾಗಿದೆ. ಆದರೂ ಇಬ್ಬರನ್ನೂ ಪಕ್ಷಗಾರರನ್ನಾಗಿ ಮಾಡಿ.

ಪ್ರಶ್ನೆ: ಸಿಕ್ಕಿದ್ದರಲ್ಲಿ ಮೂರನೇ ಒಂದು ಪಾಲು ಕೊಟ್ಟರೆ ಎಲ್ಲ ನೋಡಿಕೊಳ್ಳುತ್ತೇನೆ ಅಂತ ಆಸ್ಪತ್ರೆಯಲ್ಲೇ ಒಬ್ಬರು ಬಂದರು. — ಪೆರ್ಲ

ಉತ್ತರ: ಓಡಿಸಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೇ ನಿಷಿದ್ಧ, ಬ್ರೋಕರಿಗೆ ಯಾವ ಹಕ್ಕು? ಖಾಲಿ ಕಾಗದಕ್ಕೆ ಸಹಿ ಹಾಕಿದ್ದರೆ ಇವತ್ತೇ ವಾಪಸ್ ಕೇಳಿ.

ಪ್ರಶ್ನೆ: ನೋಟಿಸು ಕೆಎಸ್‌ಆರ್‌ಟಿಸಿಗೆ ಕಳಿಸಿದೆವು, ‘ನಮ್ಮ ಬಸ್ಸಲ್ಲ’ ಎಂದು ಉತ್ತರ ಬಂತು. — ಮಂಜೇಶ್ವರ

ಉತ್ತರ: ಕಾಸರಗೋಡು–ಮಂಗಳೂರು ದಾರಿಯಲ್ಲಿ ಎರಡು ರಾಜ್ಯದ ಕೆಎಸ್‌ಆರ್‌ಟಿಸಿ ಓಡುತ್ತದೆ. ಎಫ್‌ಐಆರಿನಲ್ಲಿ ನಂಬರ್ ನೋಡಿ. ಕೆಎಲ್ 15 ಇದ್ದರೆ ಕೇರಳದ್ದು. ಕೆಎ 19 ಆಗಿ ನಡುವೆ ಎಫ್ ಅಕ್ಷರ ಇದ್ದರೆ ಕರ್ನಾಟಕದ್ದು. ಸರಿಯಾದ ನಿಗಮಕ್ಕೆ ಈ ವಾರವೇ ಮತ್ತೆ ಕಳಿಸಿ, ಆರು ತಿಂಗಳ ಲೆಕ್ಕ ನಿಮಗೂ ಓಡುತ್ತಿದೆ.